ಪಂಚಮಿಗೆ ರಜೆ ಬೇಡವೆಂದ ಹುಡುಗಿ

ಪಂಚಮಿಗೆ ಊರಿಗೆ ಹೋಗಲಾರೆನೆಂದು ಹುಡುಗಿಯೊಬ್ಬಳು ಹಟ ಹಿಡಿದರೆ ಕಾರಣ ಏನಿದ್ದೀತು, ಹೇಳ್ರಿ ನೋಡೋಣ? ಪರೀಕ್ಷೆಯ ಚಿಂತೆಯೇ? ಧಾರವಾಡದ ಹುಡುಗಿಯರ ಹಾಸ್ಟೆಲಿನಲ್ಲಿ ಗುಮಾಸ್ತನಾಗಿದ್ದ ನಾನೂ ಹಾಗೇ ತಿಳಿದಿದ್ದೆ. ಉಳಿದವರೆಲ್ಲ ಜೋಕಾಲಿ, ಉಂಡಿ ಎನ್ನುತ್ತ ಹೊರಟಿದ್ದರು. ಶಾಂತಾ ಮಾತ್ರ ನನ್ನ ಕಪಾಟಿನ ಮರೆಗೆ ನಿಂತಿದ್ದಳು. ಹೊರಗೆ ಅವಳ ಕಾಕಾ, ಅಂದರೆ ಅಪ್ಪನ ತಮ್ಮ, ಅಪ್ಪನ ಚೀಟಿ ಹಿಡಿದು ಕಾಯುತ್ತಿದ್ದ. ಚೀಟಿಯಿದ್ದರೆ ಕಳಿಸಬೇಕೆಂಬುದು ನಿಯಮ.

"ಕಾಕಾನ ಜೋಡಿ ಜಗಳೇನವಾ?" ಎಂದು ನಕ್ಕೆ.

"ಅವನ ಜೋಡಿ ಕಳಿಸಬ್ಯಾಡ್ರಿ ಸರ್," ಎಂದಳು. ಕಪಾಟಿನ ಹಿಂದಕ್ಕೆ ಇನ್ನಷ್ಟು ಸರಿದಳು.

ನನ್ನ ನಗು ನಿಂತಿತು. ವಾರ್ಡನ್ ಅಮ್ಮನವರನ್ನು, ನಮ್ಮ ಬಾಯಾರನ್ನು, ಕರೆದೆ. ಬಾಗಿಲು ಮುಚ್ಚಿಕೊಂಡು ಅವಳ ಮಾತು ಕೇಳಿ ಹೊರಬಂದವರು, "ಮನ್ಯಾಗ ಯಾರೂ ಇಲ್ಲದಾಗ ಆ ಮನಿಷಾ ಹುಡುಗಿ ಮೈಮ್ಯಾಲೆ ಕೈ ಹಾಕ್ತಾನಂತ್ರಿ. ಊಟ ಸೇರದ್ದು, ನಿದ್ದ್ಯಾಗ ಚೀರೂದು ಎಲ್ಲಾ ಇದಕ್ಕ. ತಪ್ಪು ನಿಂದಲ್ಲವಾ ಅಂತ ಹೇಳೇನಿ," ಎಂದರು. ಇದೇ ಹುಡುಗಿಯನ್ನು ನಾನು ಮೈಗಳ್ಳಿ ಎಂದು ಬೈದಿದ್ದೆ.

ಕಾಕಾನ ಬಳಿ ಹೋದೆ. "ಹೊಸಾ ನಿಯಮರಿ, ತಾಯೀನ ಬರಬೇಕು."

"ಯಾವಾಗ ಬಂತು?"

"ಈಗ್ರಿ. ಶಾಯಿ ಇನ್ನೂ ಆರಿಲ್ಲ."

ಕೂಗಾಡಿ ಹೋದ. ಬಾಯಾರು ಹುಡುಗಿಯ ಊರಾದ ಶಿರಗುಪ್ಪಿಗೆ ಜವಾನನನ್ನು ಕಳಿಸಿ ಮರುದಿನವೇ ತಾಯಿಯನ್ನು ಕರೆಸಿದರು. ಆಕೆ ಎಲ್ಲ ಕೇಳಿ ಅತ್ತು, ಕಣ್ಣೊರೆಸಿಕೊಂಡು, "ನಡಿ ಮಗಳ, ಈ ಪಂಚಮಿ ನನ್ನ ತವರಾಗ. ಅವ ಮನಿ ಬಿಡೂತನಕ ನಾವಿಬ್ರೂ ಬರಂಗಿಲ್ಲಂತ ನಿಮ್ಮಪ್ಪಗ ಹೇಳಿಕಳಸ್ತೇನಿ," ಎಂದಳು. ಕಡೆಗೆ ಅವನನ್ನು ಮನೆ ಬಿಡಿಸಿಯೇ ಬಿಟ್ಟಳು. ಹಬ್ಬ ಮುಗಿಸಿ ಬಂದ ಶಾಂತಾ ನನಗೂ ಎರಡು ಉಂಡಿ ತಂದಳು.

ಮುಂದೆ ಬಾಯಾರು, ಹುಡುಗಿಯನ್ನು ಕೇಳದೆ ಯಾರೊಂದಿಗೂ ಕಳಿಸಬಾರದೆಂಬ ನಿಯಮವನ್ನು ಖರೇನೇ ಬರೆಸಿದರು. ಗುಮಾಸ್ತನೊಬ್ಬ ಸುಳ್ಳು ನಿಯಮ ಹುಟ್ಟಿಸಿ ಮೆಚ್ಚುಗೆ ಪಡೆದ ದಿನ ಅದೊಂದೇ ಇರಬೇಕು: ೧೯೬೩ರ ಪಂಚಮಿ ಹಬ್ಬದ ಮೊದಲ ದಿನ, ರೊಟ್ಟಿ ಪಂಚಮಿ.