ಆದೆಮ್ಮನ ಮೆಂತೆ, ಗುಂಪಿನ ಬುತ್ತಿ

ದಢೇಸುಗೂರಿನಲ್ಲಿ ಇನ್ನೂ ಮಬ್ಬುಗತ್ತಲು. ಭತ್ತ ನಾಟಿ ಮಾಡುವ ಹೆಂಗಸರನ್ನು ಗದ್ದೆಗೆ ಒಯ್ಯುವ ಟ್ರ್ಯಾಕ್ಟರ್ ಓಣಿಯಲ್ಲಿ ಗುಡುಗುಡು ಅನ್ನುತ್ತಿದೆ. ಅಂಗಳದಲ್ಲಿ ಆದೆಮ್ಮ ಎತ್ತರದ ಸ್ಟೂಲಿನ ಮೇಲೆ ಕುಳಿತು ಮೆಂತೆ ಕೀಳುತ್ತಿದ್ದಾರೆ. ಮೆಂತೆ ನೆಲದಲ್ಲಿಲ್ಲ. ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಡ್ರಮ್ಮುಗಳು ಕಬ್ಬಿಣದ ಕಾಲುಗಳ ಮೇಲೆ ತೊಟ್ಟಿಲಿನ ಹಾಗೆ ಮಲಗಿವೆ. ಅವುಗಳಲ್ಲಿ ಮೆಂತೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಪುಂಡಿ ಸೊಪ್ಪು, ಮೆಣಸಿನ ಗಿಡ. ಎಲ್ಲ ಕುಳಿತಲ್ಲೇ ಕೈಗೆ ಸಿಗುತ್ತವೆ. ಪಕ್ಕದಲ್ಲಿ ಅವರ ನಾಲ್ಕು ಕಾಲಿನ ಊರುಗೋಲು ನಿಂತಿದೆ.

"ಆದಿ, ಲಗೂ ಕೊಡಬೇ, ಡ್ರೈವರ್ ಒದರಾಕತ್ತಾನ!" ನಾಟಿ ಗುಂಪಿನ ಸುರೇಖಾ ಚೀಲ ಹಿಡಿದು ಓಡಿ ಬರುತ್ತಾರೆ.

"ತಡಿಬೇ, ಮೂಲಂಗಿ ತೊಳದಿಲ್ಲ."

"ಕಾಲುವ್ಯಾಗ ತೊಳಕೋತೀವಿ ತಗಾ."

ಟ್ರೇಲರಿನ ಮೇಲಿಂದ ಗುಂಪಿನ ಮುಖ್ಯಸ್ಥೆ ಗದ್ದೆಮ್ಮನ ದನಿ ಬರುತ್ತದೆ: "ಪಾಪ, ಆಕಿಗೆ ಅವಸರ ಮಾಡಬ್ಯಾಡ್ರವಾ." ಆದೆಮ್ಮ ತಲೆ ಎತ್ತುವುದಿಲ್ಲ. ಚೀಲ ತುಂಬಿ ಕೊಟ್ಟುಬಿಡುತ್ತಾರೆ.

ಆದೆಮ್ಮನೂ ವರ್ಷಗಟ್ಟಲೆ ಆ ಟ್ರೇಲರಿನಲ್ಲೇ ಹೋದವರು. ಮಧ್ಯಾಹ್ನ ಬದುವಿನ ಮೇಲೆ ಎಲ್ಲರೂ ದುಂಡಗೆ ಕೂತು ಬುತ್ತಿ ಬಿಚ್ಚುತ್ತಾರೆ. ತನ್ನ ಬುತ್ತಿ ತಾನೊಬ್ಬಳೇ ಉಣ್ಣುವ ಪದ್ಧತಿ ಅಲ್ಲಿಲ್ಲ. ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಯ ಮೇಲೆ, ಹಸಿ ಸೊಪ್ಪು-ತಪ್ಪಲು ನಡುವೆ. ಗದ್ದೆಮ್ಮನ ಬಾಯಿ ಈ ಕಡೆಯವರಿಗೆಲ್ಲ ಗೊತ್ತು. ಸಾಲು ಡೊಂಕಾದರೆ, ಕೈ ನಿಧಾನವಾದರೆ ಬದುವಿನ ಆಚೆಗೂ ಕೇಳುವ ಹಾಗೆ ಬೈಯುತ್ತಾರೆ. ಬೈಗುಳ ಮಾತ್ರ ಗುಂಪಿನವರಿಗಷ್ಟೇ. ಹೊರಗಿನವರ ಹತ್ತಿರ ಬೆಣ್ಣೆಯಂಥ ಮಾತು.

ಎರಡು ವರ್ಷದ ಹಿಂದೆ ಆದೆಮ್ಮ ಅದೇ ಟ್ರೇಲರಿನಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ನಡೆಯಲು ಬಂತು. ಬಗ್ಗುವುದು, ನೆಲಕ್ಕೆ ಕೂರುವುದು ಹೋಯಿತು.

"ದವಾಖಾನಿಗೆ ಗದ್ದೆಮ್ಮ ಬಂದಿದ್ಲರಿ. 'ಆರಾಮ ಇರವಾ, ಇನ್ನ ನಿನಗ್ಯಾಕ ಕೆಲಸ' ಅಂದ್ಲು. ಅಷ್ಟು ಮೆತ್ತಗ ಆಕಿ ಯಾವತ್ತೂ ನನ್ನ ಕೂಡ ಮಾತಾಡಿದ್ದಿಲ್ಲ. ಆವಾಗ ತಿಳೀತು, ನಾ ಗುಂಪಿನಿಂದ ಹೊರಗ ಬಿದ್ದೀನಿ ಅಂತ. ಸೊಂಟಕ್ಕಿಂತ ಅದ ಹೆಚ್ಚು ನೋಯ್ತು," ಎಂದು ಆದೆಮ್ಮ ನಮಗೆ ಹೇಳುತ್ತಾರೆ.

ಗದ್ದೆಗೆ ಇಳಿಯಲು ಆಗದಿದ್ದರೂ ಬುತ್ತಿಯ ನಡುವೆ ತನ್ನದೊಂದು ಹಿಡಿ ತಪ್ಪಲಾದರೂ ಇರಲಿ ಅಂದುಕೊಂಡರು ಆದೆಮ್ಮ. ಆದರೆ ಬೆಳೆಯುವುದೆಲ್ಲಿ? ಕಾಲುವೆ ಬರುವ ಮುಂಚೆ ಈ ಊರಿನ ಹಿತ್ತಿಲುಗಳಲ್ಲಿ ಹೀರೆ, ಅವರೆ, ಪುಂಡಿ ತಾವಾಗಿಯೇ ಬರುತ್ತಿದ್ದವು. ಆಮೇಲೆ ಭತ್ತ ಬಾಗಿಲ ತನಕ ಬಂತು. ಕೆಳಗಿನಿಂದ ಜಿನುಗಿದ ನೀರಿಗೆ ಹಿತ್ತಿಲು ಸವುಳಾಗಿ, ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಅನ್ನ ಕೊಟ್ಟ ನೀರೇ ತಪ್ಪಲು ಒಯ್ದಿತು.

ಸಿಂಧನೂರಿನಲ್ಲಿ ವೆಲ್ಡಿಂಗ್ ಮಾಡುವ ತಮ್ಮ ಭೀಮೇಶ ಡ್ರಮ್ಮು ಸೀಳಿ ಸ್ಟ್ಯಾಂಡ್ ಮಾಡಿಕೊಟ್ಟ. ತವರೂರು ಪಾಮನಕಲ್ಲೂರಿನಿಂದ ಮಸಾರಿ ಹೊಲದ ಕೆಂಪು ಮಣ್ಣು ಬಂತು, ಮಿಲ್ಲಿನಿಂದ ಭತ್ತದ ಹೊಟ್ಟು ಬಂತು. ಮೊದಲ ಸಲ ಹಾಕಿದ್ದೆಲ್ಲ ಕೊಳೆತು ನಾರಿತು. ಭೀಮೇಶ ಡ್ರಮ್ಮಿಗೆ ಒಂದು ತೂತೂ ಕೊರೆದಿರಲಿಲ್ಲ.

"ಗದ್ದಿ ಮಂದಿರೀ ನಾವು," ಎಂದು ಆದೆಮ್ಮ ನಗುತ್ತಾರೆ. "'ನೀರು ಸೋರಿದರ ಬೆಳಿ ಹ್ಯಾಂಗ ಬರತೈತಿ ಅಕ್ಕಾ' ಅಂತ ನನ್ನ ಕೇಳತಾನ! ಈ ಗುಂಪಿನವರೇನು ಕಡಿಮಿ? ಹೋಗೋಮುಂದ ಒಬ್ಬಾಕಿ ಒಂದು ಕೊಡ, ಬರೋಮುಂದ ಇನ್ನೊಬ್ಬಾಕಿ ಒಂದು ಕೊಡ. ಪಾಪ, ಆದಿಗೆ ನೀರು ಹೊರಾಕ ಆಗೂದಿಲ್ಲ ಅಂತ. ಮೆಂತೆ ಈಜ್ಯಾಡಿ ಈಜ್ಯಾಡಿ ಸತ್ತಿತು."

ಆಮೇಲೆ ತೂತು ಕೊರೆಸಿದರು. ಮಣ್ಣಿಗೆ ಬೆರಳು ಇಟ್ಟು ನೋಡದೆ ಯಾರೂ ನೀರು ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿದರು. ಈಗ ನಾಟಿಯ ಹಂಗಾಮಿನಲ್ಲಿ ದಿನಾ ನಸುಕಿನಲ್ಲಿ ಒಂದು ಚೀಲ ತಪ್ಪಲು ಟ್ರೇಲರ್ ಹತ್ತುತ್ತದೆ. ಗದ್ದೆಮ್ಮ ಉಣ್ಣುತ್ತಾರೆ, "ಚಲೋ ಐತಿ, ಪಾಪ" ಅನ್ನುತ್ತಾರೆ. ಆ ಪಾಪ ಅನ್ನುವ ಮಾತು ಆದೆಮ್ಮನಿಗೆ ನುಂಗಲು ಆಗುವುದಿಲ್ಲ.

ಸಂಜೆ ಟ್ರ್ಯಾಕ್ಟರ್ ತಿರುಗಿ ಬರುತ್ತದೆ. ಗದ್ದೆಮ್ಮ ಮೊಳಕಾಲ ತನಕ ಕೆಸರು ಹೊತ್ತು ಸೀದಾ ಅಂಗಳಕ್ಕೆ ಬಂದು, ಖಾಲಿ ಚೀಲವನ್ನು ಡ್ರಮ್ಮಿನ ಮೇಲೆ ಎಸೆಯುತ್ತಾರೆ.

"ಏ ಆದಿ! ಮೂಲಂಗಿ ತೊಳಿಯಾಕ ಬರೂದಿಲ್ಲೇನಬೇ ನಿನಗ? ಕಣ್ಣು ಎಲ್ಲಿ ಇಟ್ಟಿದ್ದಿ? ಕಚ್ಚಿದ್ರ ಹಲ್ಲಾಗ ಉಸುಕ ಉಸುಕ! ನಾಳೆ ಹಿಂಗ ಕೊಟ್ಟಿ ಅಂದ್ರ, ಚೀಲ ಕಾಲುವ್ಯಾಗ ಒಗದು ನಿನ್ನನ್ನೂ ಒಗೀತೀನಿ!"

"ಸುರೇಖಾ ಅವಸರ ಮಾಡಿದ್ಲು..."

"ಆಕಿ ಹೆಸರು ಹೇಳಬ್ಯಾಡ. ಬೆಳದಾಕಿ ನೀನು!"

ಹೆಂಗಸರು ಕಿಸಕ್ಕನೆ ನಗುತ್ತಾರೆ. ಗದ್ದೆಮ್ಮ ಗೊಣಗುತ್ತಲೇ ಮನೆಗೆ ನಡೆಯುತ್ತಾರೆ. ಆದೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆಯ ಮೂಲಂಗಿಗೆಂದು ಬಕೆಟ್ಟನ್ನು ಊರುಗೋಲಿನ ಕಾಲಿನಿಂದ ಹತ್ತಿರ ಎಳೆದುಕೊಳ್ಳುತ್ತಾರೆ.

"ಕೇಳಿದ್ರಿಲ್ಲ?" ಅನ್ನುತ್ತಾರೆ ನಮ್ಮ ಕಡೆ ತಿರುಗಿ. "ಹೊರಗಿನವರಿಗೆ ಆಕಿ ಹಂಗ ಬೈಯೂದಿಲ್ಲರಿ."