ವಾಣಿಯ ಲಾಗಿನ್

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಕಥೆ ಕಟ್ಟುವ ಅಭ್ಯಾಸ ನನಗಿಲ್ಲ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ.

ಪುತ್ತೂರಿನ ಒಂದು ಖಾಸಗಿ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲು ನಾವು ಇಬ್ಬರಿದ್ದೆವು, ನಾನು ಮತ್ತು ನನ್ನ ಹೆಂಡತಿ ವಾಣಿ. ಅಲ್ಲೇ ಪರಿಚಯವಾಗಿ ಮದುವೆಯಾದವರು. ಕಳೆದ ಮಳೆಗಾಲದಲ್ಲಿ ಜ್ವರ ಎಂದು ಮಲಗಿದವಳು ಮತ್ತೆ ಏಳಲಿಲ್ಲ.

ಕೆಲವು ತಿಂಗಳ ನಂತರ, ಕೆಲಸದಲ್ಲಿಲ್ಲದವರ ಹೆಸರುಗಳನ್ನು ಎಲ್ಲ ಸ್ವಿಚ್‌ಗಳಿಂದ ತೆಗೆಯಿರಿ ಎಂದು ಆಡಳಿತದವರು ಹೇಳಿದರು. ಸ್ವಿಚ್ ಎಂದರೆ ಒಂದು ಮಹಡಿಯ ಕಂಪ್ಯೂಟರುಗಳ ಕೇಬಲ್ಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ. ಅದರೊಳಗೆ ಹೋಗಿ ಬದಲಾವಣೆ ಮಾಡಲು ಲಾಗಿನ್ ಇದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಅಂದರೆ, ನಾನು ತೆಗೆಯಬೇಕಾದ ಹೆಸರು ಒಂದೇ.

ಇಂಥ ಕೆಲಸ ಮಾಡುವುದು ಬಿಲ್ಲಿಂಗ್ ನಿಂತ ಮೇಲೆ, ರಾತ್ರಿ. ಒಂದೊಂದೇ ಮಹಡಿ ಮುಗಿಸಿ ಕೊನೆಗೆ ನಮ್ಮ ಆಫೀಸಿನ ಪಕ್ಕದ ಸ್ವಿಚ್‌ಗೆ ಬಂದೆ. ಲ್ಯಾಪ್‌ಟಾಪ್ ಜೋಡಿಸಿ ವಾಣಿಯ ಹೆಸರು ಅಳಿಸಿದೆ. ಸೇವ್ ಮಾಡುವವರೆಗೆ ಬದಲಾವಣೆ ಗಟ್ಟಿಯಲ್ಲ; ಕರೆಂಟ್ ಹೋದರೆ ಹಳೆಯದೇ ವಾಪಸ್ ಬರುತ್ತದೆ. ನನಗೆ ಸೇವ್ ಮಾಡಲು ಕೈ ಬರಲಿಲ್ಲ.

ಸುಮ್ಮನೆ, ಈಗ ಒಳಗೆ ಯಾರಿದ್ದಾರೆ ಎಂದು ತೋರಿಸುವ ಕಮಾಂಡ್ ಹೊಡೆದೆ.

ಎರಡು ಸಾಲು ಬಂತು. ಮೊದಲನೆಯದು ನಾನು. ಎರಡನೆಯದು... ವಾಣಿ. ಪಕ್ಕದ ಕೋಣೆಯ ಅವಳ ಕಂಪ್ಯೂಟರಿನಿಂದ.

ಅಷ್ಟರಲ್ಲಿ ಸೆಕ್ಯುರಿಟಿಯ ಮೋನಪ್ಪಣ್ಣ ಇಣುಕಿದರು. ಮಂಡೆಕೋಲಿನವರು, ಕೆಲಸಕ್ಕೆ ಹೊಸಬರು.

"ಸರ್, ಆಚೆ ರೂಮಿನಲ್ಲಿ ಯಾರೋ ಟೈಪ್ ಮಾಡುವ ಶಬ್ದ ಉಂಟು. ಬೀಗ ಹಾಕುದಾ, ಬೇಡವಾ?"

ಎದ್ದು ಹೋದೆ. ಶಬ್ದ ನಿಂತಿತ್ತು. ಲೈಟ್ ಹಾಕಿದೆ. ಖಾಲಿ ಕುರ್ಚಿ. ಕಂಪ್ಯೂಟರ್ ಆಫ್. ಅದರ ನೆಟ್‌ವರ್ಕ್ ಕೇಬಲ್ ಕಳಚಿ ನೆಲದಲ್ಲಿ ಬಿದ್ದಿತ್ತು. ಆದರೆ ಕೋಣೆಯ ತುಂಬ ನೀಲಗಿರಿ ಎಣ್ಣೆಯ ವಾಸನೆ... ಎ.ಸಿ.ಯ ಚಳಿಗೆ ತಲೆನೋವು ಬಂದಾಗ ವಾಣಿ ಹಣೆಗೆ ಹಚ್ಚುತ್ತಿದ್ದದ್ದು.

"ನಿಮಗೆ ವಾಸನೆ ಬರ್ತದಾ?" ಎಂದೆ.

"ಎಂತ ವಾಸನೆ ಸರ್?" ಎಂದರು ಮೋನಪ್ಪಣ್ಣ, ನನ್ನ ಮುಖ ನೋಡುತ್ತ.

ಅವರನ್ನು ಕಳಿಸಿ ವಾಪಸ್ ಬಂದು ಕೂತೆ. ಹೆಸರು ಇನ್ನೂ ಇತ್ತು. ಪಕ್ಕದಲ್ಲಿ, ಕೀಲಿ ಒತ್ತದೆ ಎಷ್ಟು ಹೊತ್ತಾಯಿತು ಎಂಬ ಲೆಕ್ಕ: ಸೊನ್ನೆ. ಅಂದರೆ ಈಗಷ್ಟೇ ಒತ್ತಿದ್ದಾರೆ.

ಸ್ವಿಚ್‌ನೊಳಗೆ ಇರುವವರಿಗೆ ಸಂದೇಶ ಕಳಿಸಬಹುದು. ಬರೆದೆ: ವಾಣಿ, ನೀನಾ?

ಮತ್ತೆ ಮತ್ತೆ ಕಮಾಂಡ್ ಹೊಡೆದು ನೋಡಿದೆ. ಲೆಕ್ಕ ಒಂದಕ್ಕೆ ಏರಿ, ಪುನಃ ಸೊನ್ನೆಯಾಯಿತು.

ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿಯೇ ಹೇಳಿದೆ. "ಅಳಿಸುದು ಬೇಡ ಅಂತಾದ್ರೆ ಬಿಡ್ತೇನೆ. ಇಲ್ಲಿಯಾದ್ರೂ ಇರು ಮಾರಾಯ್ತಿ..."

ಫಕ್ಕನೆ ಕರೆಂಟ್ ಹೋಯಿತು.

ಕತ್ತಲೆಯಲ್ಲಿ ಸ್ವಿಚ್‌ನ ಫ್ಯಾನ್ ನಿಂತ ಸದ್ದು ಕೇಳಿತು. ನಿಜ ಹೇಳುತ್ತೇನೆ, ಹೆದರಿಕೆಯ ನಡುವೆಯೂ ನನಗೆ ಖುಷಿಯಾಗಿತ್ತು. ನಾನು ಸೇವ್ ಮಾಡಿರಲಿಲ್ಲ. ಅವಳ ಹೆಸರು ವಾಪಸ್ ಬರಬೇಕು!

ಜನರೇಟರ್ ಗುಡುಗಿತು. ಸ್ವಿಚ್ ಮತ್ತೆ ಚಾಲೂ ಆಗುವವರೆಗೆ ಕಾದೆ. ಲಾಗಿನ್ ಇರುವವರ ಪಟ್ಟಿ ತೆರೆದೆ.

ನನ್ನ ಹೆಸರೊಂದೇ ಇತ್ತು.

ಸ್ವಿಚ್‌ನಲ್ಲಿ ಯಾರು ಏನು ಮಾಡಿದರು ಎಂಬ ಲಾಗ್ ದಾಖಲಾಗುವ ಸರ್ವರ್ ನೋಡಿದೆ. ಕರೆಂಟ್ ಹೋಗುವ ಸ್ವಲ್ಪ ಮೊದಲು ಒಂದು ಸಾಲು. ಬದಲಾವಣೆ ಸೇವ್ ಆಗಿದೆ. ಮಾಡಿದವರು: ವಾಣಿ.

ಬದುಕಿದ್ದಾಗ ಯಾವಾಗಲೂ ಗದರುತ್ತಿದ್ದಳು, "ಸೇವ್ ಮಾಡಿದ್ರಾ? ಎಂತ ಮಾರಾಯ್ರೆ ನೀವು!" ಎಂದು. ಅಲ್ಲೇ ನೆಲದಲ್ಲಿ ಕೂತು ಅತ್ತೆ. ಅವಳು ತೀರಿಕೊಂಡ ದಿನವೂ ಹಾಗೆ ಅತ್ತಿರಲಿಲ್ಲ.

ಮರುದಿನ ಸ್ವಿಚ್ ಕಂಪನಿಯ ಇಂಜಿನಿಯರ್‌ಗೆ ಫೋನ್ ಮಾಡಿದೆ. "ಹಳೆಯ ಲಾಗಿನ್ ಸಿಕ್ಕಿಹಾಕಿಕೊಂಡಿರಬೇಕು ಸರ್," ಎಂದರು. ಹಾಗಾದರೆ ಸೇವ್ ಮಾಡಿದ್ದು ಯಾರು ಎಂದೆ.

ಈಗಲೂ ಒಬ್ಬನೇ ಇದ್ದಾಗ ಆ ಸ್ವಿಚ್‌ನೊಳಗೆ ಹೋಗಿ ಯಾರಿದ್ದಾರೆಂದು ನೋಡುತ್ತೇನೆ. ಒಂದೇ ಸಾಲು ಬರುತ್ತದೆ. ಆದರೂ ಕೂಡಲೇ ಮುಚ್ಚಲು ಆಗುವುದಿಲ್ಲ... ಸ್ವಲ್ಪ ಹೊತ್ತು ಕಾಯುತ್ತೇನೆ.