ಗನಿಯವರ ನಾಲಿಗೆ

ಖಾಸಬಾಗದಲ್ಲಿ ಮರದ ಆಟಿಕೆ ಮಾಡುವ ಗನಿಯವರಿಗೆ ತಂದೆಯಿಂದ ಬಂದದ್ದು ಒಂದು ತಿರುಗಣಿ ಯಂತ್ರ, ಒಂದು ನೇಮ. ಬಣ್ಣ ಹಚ್ಚಿದ ಪ್ರತಿ ಆಟಿಕೆಯನ್ನು ಮಾಡಿದವನೇ ಮೊದಲು ನೆಕ್ಕಿ ನೋಡಬೇಕು. ಕಹಿ ಅನಿಸಿದರೆ, ನಾಲಿಗೆ ಚುರುಗುಟ್ಟಿದರೆ ಅದು ಹೊಸ್ತಿಲು ದಾಟಬಾರದು. ನಲವತ್ತು ವರ್ಷ ಅವರು ಈ ನೇಮ ತಪ್ಪಿಲ್ಲ.

ಬಣ್ಣವೆಂದರೆ ಅರಿಸಿನದಂಥವನ್ನು ಬೆರೆಸಿದ ಅರಗಿನ ಕಡ್ಡಿ. ಇಲ್ಲಿ ಅದಕ್ಕೆ ಲಾಖ ಎನ್ನುತ್ತಾರೆ. ತಿರುಗುವ ಮರಕ್ಕೆ ಒತ್ತಿದರೆ ಕಾವಿಗೆ ಕರಗಿ ಹಿಡಿಯುತ್ತದೆ.

ಕಳೆದ ತಿಂಗಳು ಊರಿನ ಕ್ಯಾಂಪ್ ಭಾಗದಿಂದ ಮುಗ್ಧಾ ಎಂಬ ಬ್ಯಾಂಕ್ ಉದ್ಯೋಗಿ ಬಂದಿದ್ದರು.

“ಕಾಕಾ, ಕೂಸು ಸಿಕ್ಕದ್ದೆಲ್ಲಾ ಬಾಯಾಗ ಹಾಕ್ಕೋತದ. ಪ್ಲಾಸ್ಟಿಕ್ ಬ್ಯಾಡ ಅಂತ ನಿಮ್ಮ ಹತ್ರ ಬಂದೀನಿ.”

“ನಾ ನೆಕ್ಕೇ ಕೊಡತೀನ್ರಿ. ಆಮ್ಯಾಲೆ ಏನ್ ಚಿಂತಿ?”

ಹಳದಿ ಲಾಖ ಮುಗಿದಿತ್ತು. ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗ ತೌಸೀಫನಿಗೆ ತರಲು ಹೇಳಿದರು. ಅವನು ಎರಡು ಕಡ್ಡಿ ತಂದುಕೊಟ್ಟ. ಗನಿ ಅದನ್ನು ಹಚ್ಚಿ ಕೂಸಿನ ಕೈಗೆ ಕೊಡುವ ಗಿಲಕಿ ಮುಗಿಸಿ ನೆಕ್ಕಿದರು. ಏನೂ ಅನಿಸಲಿಲ್ಲ. ಕೊಟ್ಟು ಕಳಿಸಿದರು.

ಈ ಸೋಮವಾರ ಊಟಕ್ಕೆ ಕುಳಿತಾಗ ಹೆಂಡತಿ ಶಾಹಜಾನಬಿ ಮೊದಲ ತುತ್ತಿಗೇ ಮುಖ ಕಿವುಚಿದರು.

“ಬ್ಯಾಳಿಗಿ ಎರಡು ಸಲ ಉಪ್ಪು ಬಿದ್ದದ. ನೀವು ನೋಡಿದ್ರ ಅರ್ಧ ತಾಟು ಖಾಲಿ ಮಾಡೀರಿ. ನಾಲಿಗಿ ಎಲ್ಲಿ ಒತ್ತಿ ಇಟ್ಟೀರಿ?”

ಗನಿ ನಗಲಿಲ್ಲ. ಎದ್ದು ಹೋಗಿ ಉಪ್ಪಿನ ಹರಳು ಬಾಯಿಗೆ ಹಾಕಿಕೊಂಡರು. ಹಸಿ ಹಾಗಲಕಾಯಿ ಕಚ್ಚಿದರು. ಮರಳು ಅಗಿದಂತಿತ್ತು. ಎರಡು ತಿಂಗಳ ಹಿಂದೆ ಜ್ವರ ಬಂದಿತ್ತು. ಊಟ ಸಪ್ಪೆಯಾದದ್ದು ವಯಸ್ಸಿನಿಂದ ಎಂದುಕೊಂಡಿದ್ದರು.

ತೌಸೀಫನಿಗೆ ಫೋನ್ ಮಾಡಿ, ಹಳದಿ ಕಡ್ಡಿ ಎಲ್ಲಿಯದು ಎಂದರು.

“ನಮ್ಮ ಕಾರ್ಖಾನಿದು ಅಬ್ಬಾ. ಡ್ರಮ್ಮಿನ ಬಾಯಿಗೆ ಮುದ್ರಿ ಹೊಡಿತೀವಲ್ಲ, ಆ ಲಾಖ. ನೀವು ಲಾಖ ಅಂದ್ರಿ, ಅದಕ್ಕ ತಂದ್ಕೊಟ್ಟೆ.”

ಅದು ಅರಿಸಿನದ ಹಳದಿಯಲ್ಲ, ರಾಸಾಯನಿಕದ್ದು. ಅದನ್ನು ಹಚ್ಚಿ ಹೊರಗೆ ಹೋದ ಆಟಿಕೆ ಒಂದೇ ಒಂದು. ಮುಗ್ಧಾ ಫೋನಿನಲ್ಲಿ, ಕೂಸು ಖಾನಾಪುರದಲ್ಲಿ ಅಜ್ಜಿಯ ಹತ್ತಿರವಿದೆ ಎಂದರು. ಗನಿ ಕಾರಣ ಹೇಳಲಿಲ್ಲ. ವಿಳಾಸ ಮಾತ್ರ ಕೇಳಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾಲಿಗೆಯನ್ನು ಹಲ್ಲಿಗೆ ಉಜ್ಜುತ್ತಲೇ ಇದ್ದರು.

ಬಾಗಿಲು ತೆರೆದ ಅಜ್ಜಿ ಅಲಕಾ ಅವರ ಕಂಕುಳಲ್ಲೇ ಕೂಸಿತ್ತು. ಗಿಲಕಿಯ ತುದಿ ಬಾಯಲ್ಲಿತ್ತು. ಒಸಡಿನ ಮೇಲೆ ಹಳದಿ.

“ಹಲ್ಲು ಬರಾಕತ್ತಾವ. ಮಲಗಿದ್ರೂ ಇದನ್ನ ಬಿಡೂದಿಲ್ಲ ನೋಡ್ರಿ.”

ಗನಿ ಗಿಲಕಿ ಕಿತ್ತುಕೊಂಡರು. ಕೂಸು ಚೀರಿತು. ಒಳಗಿನ ಗೆಜ್ಜೆ ಸಡಿಲವಾಗಿದೆ ಎಂದು ಹೇಳಿಬಿಡಬಹುದಿತ್ತು. ಬಸ್ಸಿನಲ್ಲಿ ಆ ಸುಳ್ಳನ್ನು ಸಿದ್ಧ ಮಾಡಿಕೊಂಡೂ ಇದ್ದರು. ಆದರೆ ಹೇಳಿದ್ದು ನಿಜವನ್ನೇ.

ಅಲಕಾ ಸೆರಗಿನಿಂದ ಕೂಸಿನ ಒಸಡು ಒರೆಸಿದರು.

“ನಿಮ್ಮ ನಾಲಿಗಿ ಸತ್ತು ಎಷ್ಟು ದಿನಾ ಆತ್ರಿ?”

“ಅದೂ ಗೊತ್ತಿಲ್ರೀ ಅಕ್ಕಾರ.”

ಇಬ್ಬರೂ ಕೂಸನ್ನು ದವಾಖಾನೆಗೆ ಒಯ್ದರು. ವೈದ್ಯರು ಪರೀಕ್ಷೆಗೆ ಅದರ ರಕ್ತ ತೆಗೆದುಕೊಂಡರು. ಬಣ್ಣದಲ್ಲಿ ಸೀಸವಿದ್ದರೆ ಅದನ್ನು ಯಾವ ನಾಲಿಗೆಯೂ ಹಿಡಿಯಲಾರದು, ಚೆನ್ನಾಗಿರುವ ನಾಲಿಗೆ ಕೂಡ, ಎಂದರು. ಗನಿ ನಲವತ್ತು ವರ್ಷದ ಆಟಿಕೆಗಳನ್ನು ನೆನೆಯತೊಡಗಿದ್ದು ಆಗ.

ವರದಿ ಶನಿವಾರ ಬರುತ್ತದೆ. “ನಾನೇ ಫೋನ್ ಮಾಡತೀನಿ. ನೀವು ಮಾಡಬ್ಯಾಡ್ರಿ,” ಎಂದಿದ್ದಾರೆ ಅಲಕಾ.

ಇಂದು ಶುಕ್ರವಾರ. ಯಂತ್ರದ ಪಟ್ಟಿ ಕಳಚಿಟ್ಟಿದೆ. ಫೋನು ಗನಿಯವರ ಮೊಣಕಾಲ ಮೇಲಿದೆ. ಶಾಹಜಾನಬಿ ಚಹಾ ತಂದಿಟ್ಟು, ಸಕ್ಕರೆ ಸಾಕೇ ಎಂದು ಕೇಳಲು ಹೋದವರು, ಕೇಳದೆ ಡಬ್ಬಿಯ ಮುಚ್ಚಳ ಹಾಕಿದರು.